ಆರೋಗ್ಯವಂತ ದಾನಿ

ನನ್ನ ತಂಗಿ ವಿಶ್ವವಿದ್ಯಾಲಯದಲ್ಲಿ ಇಮ್ಯುನಾಲಜಿ ಪ್ರೊಫೆಸರ್ ಆಗಿದ್ದಳು. ಹಾಗೆಂದರೆ ಏನು ಅಂತ ನಮ್ಮ ಕಟ್ಟಡದಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಬಾಗಿಲ ಮೇಲೆ ಡಾಕ್ಟರ್ ಎಂದು ಬರೆಸಿದ್ದೇ ತಪ್ಪಾಯಿತು. ಕೆಳಗಿನ ಮನೆಯವರು ಮಗುವಿನ ಕೆಮ್ಮಿಗೆ ಔಷಧಿ ಕೇಳಲು ಬರುತ್ತಿದ್ದರು, ಎದುರು ಮನೆಯ ಮುದುಕ ಮಂಡಿನೋವು ಎಂದು ಪ್ಯಾಂಟು ಮಡಚಿಕೊಂಡೇ ಬರುತ್ತಿದ್ದ. "ನಾನು ಆ ಡಾಕ್ಟರ್ ಅಲ್ಲ" ಅಂತ ಹೇಳಿ ಹೇಳಿ ಅವಳಿಗೆ ಸಾಕಾಗಿ, ಕೊನೆಗೆ ಬಾಗಿಲು ತೆಗೆಯುವ ಕೆಲಸ ನನ್ನ ತಲೆಗೆ ಬಂತು. ನಾನೇನು ಸುಮ್ಮನಿರುವವಳೇ? "ಅವಳು ಕಾಯಿಲೆ ವಾಸಿ ಮಾಡೋ ಡಾಕ್ಟರ್ ಅಲ್ಲಪ್ಪ, ಕಾಯಿಲೆ ಯಾಕೆ ಬಂತು ಅಂತ ತಲೆ ಕೆಡಿಸ್ಕೊಳ್ಳೋ ಡಾಕ್ಟರ್" ಎಂದು ಕಳಿಸಿಬಿಡುತ್ತಿದ್ದೆ. ಒಳಗಿನ ಕೋಣೆಯಿಂದ ಅವಳು ನಗುವುದು ಕೇಳುತ್ತಿತ್ತು.

ನಾನು ಅವಳ ಅಕ್ಕ. ಏಳು ವರ್ಷ ದೊಡ್ಡವಳು. ಟೈಲರ್. ಆಸ್ಪತ್ರೆ, ಕಾಲೇಜು, ಕಾರ್ಖಾನೆಗಳಿಗೆ ಬಿಳಿ ಕೋಟು ಹೊಲಿಯುತ್ತಿದ್ದೆ. ನನ್ನ ಹೊಲಿಗೆಯ ಸಂಪಾದನೆಯಲ್ಲೇ ತಂಗಿ ಓದಿದಳು ಎಂದು ಜನ ನನ್ನನ್ನು ಆಕಾಶಕ್ಕೇರಿಸುವುದುಂಟು. ಶುದ್ಧ ಸುಳ್ಳು. ಅವಳಿಗೆ ಮೊದಲಿಂದಲೂ ಸ್ಕಾಲರ್‌ಶಿಪ್ ಬರುತ್ತಿತ್ತು, ಅದರಲ್ಲೇ ನನಗೊಂದು ಹೊಸ ಕತ್ತರಿಯನ್ನೂ ತಂದುಕೊಟ್ಟಿದ್ದಳು. ನನ್ನಿಂದ ಅವಳಿಗೆ ಸಿಕ್ಕಿದ್ದು ಬೈಗುಳ ಮತ್ತು ಬಿಸಿ ಊಟ, ಅಷ್ಟೆ. ಮನೆಯಲ್ಲಿ ನಾವಿಬ್ಬರೇ. ಅವಳಿಗೆ ಮದುವೆ ನೆನಪಾಗಲಿಲ್ಲ, ನನ್ನದು ನೆನಪಿಟ್ಟುಕೊಳ್ಳುವಂಥದ್ದಾಗಿರಲಿಲ್ಲ.

ಆ ಕತ್ತರಿಯ ಉಂಗುರ ಒಂದು ಬೆಳಿಗ್ಗೆ ನನ್ನ ಹೆಬ್ಬೆರಳಿಗೆ ಹೋಗಲಿಲ್ಲ. ಬೆರಳು ಊದಿಕೊಂಡಿತ್ತು. ಎಣ್ಣೆ ಹಚ್ಚಿದೆ, ಬಿಸಿನೀರಿನಲ್ಲಿ ಅದ್ದಿದೆ, ಕತ್ತರಿಯನ್ನು ಬೈದೆ. ತಿಂಗಳೊಪ್ಪತ್ತಿನಲ್ಲಿ ಎರಡೂ ಕೈಯ ಎಲ್ಲ ಗೆಣ್ಣುಗಳಿಗೂ ಅದೇ ಗತಿ. ಆಸ್ಪತ್ರೆಯ ಡಾಕ್ಟರು ಎಕ್ಸ್‌ರೇ ಎತ್ತಿ ಹಿಡಿದು, "ಇದು ಸಂಧಿವಾತ. ನಿಮ್ಮ ಮೈಯೊಳಗೆ ರೋಗದ ಜೊತೆ ಹೊಡೆದಾಡೋ ಕಣಗಳಿವೆಯಲ್ಲ, ಅವು ನಿಮ್ಮ ಕೀಲುಗಳನ್ನೇ ಹೊರಗಿನವರು ಅಂದ್ಕೊಂಡು ಹೊಡೀತಾ ಇವೆ" ಎಂದರು.

"ಅವಕ್ಕೇನು ತಲೆ ಕೆಟ್ಟಿದ್ಯಾ?" ಎಂದೆ. ಡಾಕ್ಟರು ನಕ್ಕರು. ಪಕ್ಕದಲ್ಲಿ ಕೂತಿದ್ದ ತಂಗಿ ನಗಲಿಲ್ಲ. ಆಗಷ್ಟೇ ಎಂ.ಎಸ್ಸಿ. ಮುಗಿಸಿದ್ದಳು. ವಾಪಸು ಬರುವ ಬಸ್ಸಿನಲ್ಲಿ ನನ್ನ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, "ಅಕ್ಕ, ಅವಕ್ಕೆ ಯಾಕೆ ತಲೆ ಕೆಟ್ಟಿತು ಅಂತ ನಾನು ಕಂಡುಹಿಡೀತೀನಿ" ಎಂದಳು.

"ಮೊದ್ಲು ಟಿಕೆಟ್ ತಗೋ" ಎಂದೆ.

ಅವಳು ಸಂಶೋಧನೆಗೆ ಸೇರಿದ್ದು ಒಬ್ಬ ಹಿರಿಯ ಪ್ರೊಫೆಸರರ ಬಳಿ. ಎಲ್ಲರೂ ಅವರನ್ನು ಮೇಷ್ಟ್ರು ಎನ್ನುತ್ತಿದ್ದರು. ಲ್ಯಾಬ್ ಇದ್ದದ್ದು ಕಟ್ಟಡದ ನೆಲಮಾಳಿಗೆಯಲ್ಲಿ. ಚಾವಣಿಯ ಉದ್ದಕ್ಕೂ ನೀರಿನ ಕೊಳವೆಗಳು, ಮೂಲೆಯಲ್ಲಿ ಕಲೆಗಟ್ಟಿದ ಸಿಂಕು, ಅದರ ಪಕ್ಕ ರಕ್ತದ ಟ್ಯೂಬುಗಳನ್ನು ಗಿರಗಿರ ತಿರುಗಿಸುವ ಒಂದು ಹಳೇ ಯಂತ್ರ. ಅದು ತಿರುಗುತ್ತಾ ತಿರುಗುತ್ತಾ ಮೇಜಿನ ಮೇಲೆ ತಾನೇ ನಡೆಯಲು ಶುರುಮಾಡುತ್ತಿತ್ತು, ಯಾರಾದರೊಬ್ಬರು ಅದಕ್ಕೆ ಮೈ ಆನಿಸಿ ನಿಲ್ಲಬೇಕಿತ್ತು. ಮೊದಲ ವರ್ಷವೆಲ್ಲ ನನ್ನ ತಂಗಿಯ ಸಂಶೋಧನೆ ಅದೇ ಆಗಿತ್ತು.

ಆ ಕೆಲಸದಲ್ಲಿ ಒಂದು ಪದ್ಧತಿ ಇದೆ. ಆಸ್ಪತ್ರೆಯಿಂದ ರೋಗಿಯ ರಕ್ತ ಐಸ್ ಡಬ್ಬದಲ್ಲಿ ಬರುತ್ತದೆ. ಅದನ್ನು ಪರೀಕ್ಷೆಗೆ ಹಾಕುವಾಗ ಪಕ್ಕದಲ್ಲಿ ಆರೋಗ್ಯವಂತರ ರಕ್ತವನ್ನೂ ಹಾಕಬೇಕು, ಹೋಲಿಸಿ ನೋಡುವುದಕ್ಕೆ. ಕಂಟ್ರೋಲ್ ಎನ್ನುತ್ತಾರೆ. ಅದು ಅವತ್ತೇ ತೆಗೆದದ್ದಾಗಬೇಕು. ನೆಲಮಾಳಿಗೆಯಲ್ಲಿ ಆರೋಗ್ಯವಂತರನ್ನು ಎಲ್ಲಿಂದ ತರುವುದು? ರೂಮಿನಲ್ಲಿ ಇದ್ದವರೇ ತೋಳು ಮಡಚಿ ರಕ್ತ ಕೊಡಬೇಕು. ಮೇಷ್ಟ್ರು ಕೊಡುತ್ತಿದ್ದರು, ಬಿ.ಪಿ. ಮಾತ್ರೆ ಶುರುವಾದ ಮೇಲೆ ಅವರನ್ನು ಬಿಟ್ಟರು. ಉಳಿದ ವಿದ್ಯಾರ್ಥಿಗಳು ಒಬ್ಬರಿಗಿಂತ ಒಬ್ಬರು ಜಾಣರು. ಒಬ್ಬನಿಗೆ ಅವತ್ತೇ ಶೀತ, ಇನ್ನೊಬ್ಬ ಅವತ್ತೇ ಉಪವಾಸ, ಮತ್ತೊಬ್ಬ ಐಸ್ ಡಬ್ಬ ಕಂಡ ಕೂಡಲೇ ಲೈಬ್ರರಿಗೆ ಪರಾರಿ. ಕೊನೆಗೆ ತೋಳು ಮಡಚುತ್ತಿದ್ದವಳು ನನ್ನ ಮಹಾತಾಯಿ ತಂಗಿ.

ನಾನು ಕೊನೆಯದಾಗಿ ಪೂರ್ತಿ ಹೊಲಿದದ್ದು ಅವಳ ಲ್ಯಾಬಿನ ಕೋಟು. ಎಡತೋಳು ಸಾಕಷ್ಟು ಮೇಲೆ ಹೋಗುವುದಿಲ್ಲ, ಪ್ರತಿಸಲ ಕೋಟು ಬಿಚ್ಚಬೇಕು ಎಂದು ಗೊಣಗುತ್ತಿದ್ದಳು. ಮೊಣಕೈಯಿಂದ ಮಣಿಕಟ್ಟಿನವರೆಗೆ ತೋಳನ್ನು ಸೀಳಿ, ಪಟ್ಟಿ ಕೊಟ್ಟು, ಐದು ಗುಂಡಿ ಇಟ್ಟೆ. ಕಾಜ ಹಾಕುವಾಗ ಬೆರಳ ನೋವಿಗೆ ಕಣ್ಣಲ್ಲಿ ನೀರು ಬಂದಿತ್ತು. ಅವಳು ತೊಟ್ಟು ನೋಡಿ, ಗುಂಡಿ ಬಿಚ್ಚಿ, ತೋಳು ಚಾಚಿ, "ಇಡೀ ಯೂನಿವರ್ಸಿಟಿಯಲ್ಲಿ ಇಂಥ ಕೋಟು ಯಾರಿಗೂ ಇಲ್ಲ" ಎಂದಳು. ಅದು ನಿಜ. ಆಮೇಲಿನ ಕೋಟುಗಳನ್ನೆಲ್ಲ ಅದನ್ನೇ ಮಾದರಿ ಇಟ್ಟುಕೊಂಡು ಬೇರೆಯವರ ಕೈಯಲ್ಲಿ ಹೊಲಿಸಿದೆವು.

ಅವಳಿಗೆ ಮೂವತ್ತೆರಡೋ ಮೂವತ್ತಮೂರೋ ಇದ್ದಾಗ ಆ ಲ್ಯಾಬಿಗೆ ಕಣ ಎಣಿಸುವ ಯಂತ್ರ ಬಂತು. ರಕ್ತದ ಕಣಗಳಿಗೆ ಬಣ್ಣ ಅಂಟಿಸಿ, ಒಂದೊಂದನ್ನೇ ಬೆಳಕಿನ ಮುಂದೆ ಹಾಯಿಸಿದರೆ ಪರದೆಯ ಮೇಲೆ ಒಂದೊಂದೂ ಒಂದು ಚುಕ್ಕಿಯಾಗಿ ಬೀಳುತ್ತದೆ. ಒಂದು ಭಾನುವಾರ ನನ್ನನ್ನು ಎಳೆದುಕೊಂಡು ಹೋಗಿ ಸ್ಟೂಲಿನ ಮೇಲೆ ಕೂರಿಸಿ, ಎರಡು ಚಿತ್ರ ತೋರಿಸಿದಳು. ಎಡಗಡೆಯದರಲ್ಲಿ ಮೇಲಿನ ಮೂಲೆಯಲ್ಲಿ ಚುಕ್ಕಿಗಳ ದಟ್ಟ ಗುಂಪು. ಬಲಗಡೆಯದರಲ್ಲಿ ಆ ಮೂಲೆ ಖಾಲಿ, ಎಲ್ಲೋ ನಾಲ್ಕು ಚುಕ್ಕಿ.

"ಇದು ನಾನು. ಇದು ನೀನು" ಎಂದಳು. ಅವತ್ತು ಬೆಳಿಗ್ಗೆ ನನ್ನ ರಕ್ತವನ್ನೂ ತೆಗೆದಿದ್ದಳು.

ಮೈಯೊಳಗೆ ಜಗಳ ಶುರುವಾದಾಗ ಯಾರೋ ಮಧ್ಯೆ ಬಂದು "ಬಿಡ್ರಪ್ಪ, ಅವರು ನಮ್ಮೋರೇ" ಎಂದು ಬಿಡಿಸುತ್ತಾರೆ, ಆ ಮೂಲೆಯ ಕಣಗಳು ಅಂಥವು ಎಂದು ಅವಳು ನನಗೆ ಅರ್ಥವಾಗುವ ಹಾಗೆ ಹೇಳಿದಳು. ಗಾಜಿನ ತಟ್ಟೆಯಲ್ಲಿ ಜಗಳಗಂಟ ಕಣಗಳ ಜೊತೆ ಇವನ್ನು ಸೇರಿಸಿದರೆ ಬೆಳಗಾಗುವಷ್ಟರಲ್ಲಿ ಜಗಳವೆಲ್ಲ ತಣ್ಣಗಾಗುತ್ತಿತ್ತಂತೆ. ಆರೋಗ್ಯವಂತರಲ್ಲಿ ಇವು ಬೇಕಾದಷ್ಟಿವೆ, ಸಂಧಿವಾತದವರಲ್ಲಿ ಇಲ್ಲ, ಅದಕ್ಕೇ ನಿಮ್ಮ ಕೀಲುಗಳಿಗೆ ಈ ಗತಿ ಎಂದಳು. ಅವಕ್ಕೆ ಉದ್ದನೆಯ ಒಂದು ಹೆಸರಿಟ್ಟಿದ್ದಳು, ನನ್ನ ಬಾಯಲ್ಲಿ ಹೊರಳಲಿಲ್ಲ. ನಮ್ಮ ಮನೆಯಲ್ಲಿ ಅವು ಬಿಡಿಸೋರು ಆದವು.

ಅಲ್ಲಿಂದ ಅವಳ ಕಾಲ. ಲೇಖನ ಅಚ್ಚಾಯಿತು, ದೂರದೂರದ ಸಭೆಗಳಿಗೆ ಕರೆ ಬಂತು, ಮೇಷ್ಟ್ರು ನಿವೃತ್ತರಾದ ಮೇಲೆ ಲ್ಯಾಬ್ ಅವಳದೇ ಆಯಿತು, ನೆಲಮಾಳಿಗೆಯಿಂದ ಮೂರನೇ ಮಹಡಿಗೆ ಏರಿತು. ತೋಳು ಮಡಚುವುದು ಮಾತ್ರ ನಿಲ್ಲಲಿಲ್ಲ. ಮೊದಮೊದಲು ಬೇರೆಯವರ ರಕ್ತವನ್ನೂ ಹಾಕಿ ನೋಡಿದ್ದರು. ಅವರಲ್ಲಿ ಬಿಡಿಸೋರು ಕಡಿಮೆ ಕಂಡಾಗಲೆಲ್ಲ ಒಂದು ಕಾರಣ ಸಿಗುತ್ತಿತ್ತು. ಇವನಿಗೆ ಶೀತ, ಅವರಿಗೆ ವಯಸ್ಸಾಯಿತು, ಇವಳು ಪರೀಕ್ಷೆಗೆ ಓದಿ ನಿದ್ದೆಗೆಟ್ಟಿದ್ದಾಳೆ. ತಂಗಿಗೆ ಯಾವ ಕಾರಣವೂ ಇರಲಿಲ್ಲ. ಗಟ್ಟಿಮುಟ್ಟಾಗಿದ್ದಳು, ಮೂರು ಮಹಡಿ ಏದುಸಿರಿಲ್ಲದೆ ಹತ್ತುತ್ತಿದ್ದಳು. ಹಾಗಾಗಿ ಅವಳ ರಕ್ತವೇ ಅಳತೆಗೋಲಾಯಿತು. ಪ್ರತಿ ಬೆಳಿಗ್ಗೆ ಮೊದಲು ಅವಳ ಟ್ಯೂಬು ಹಾಕಿ, ಆ ಗುಂಪಿನ ಸುತ್ತ ಪರದೆಯ ಮೇಲೆ ಒಂದು ಚೌಕ ಎಳೆದು, ಉಳಿದವರದನ್ನೆಲ್ಲ ಆ ಚೌಕದಲ್ಲಿ ಎಣಿಸುತ್ತಿದ್ದರು. ವರ್ಷ ಕಳೆದಂತೆ ಚೌಕದೊಳಗಿನ ಅವಳ ಗುಂಪು ದಟ್ಟವಾಗುತ್ತಾ ಹೋಯಿತು. ನಮ್ಮ ಕೈ ಪಳಗಿತು, ಬಣ್ಣ ಸುಧಾರಿಸಿತು ಎಂದು ಎಲ್ಲರೂ ಖುಷಿಪಟ್ಟರು. ಲೇಖನಗಳಲ್ಲಿ "ಆರೋಗ್ಯವಂತ ದಾನಿಯ ರಕ್ತ" ಎಂದು ಬರೆಯುತ್ತಿದ್ದರು. ಅಷ್ಟೊಂದು ಪಂಡಿತರು ಓದಿದರಲ್ಲ, ಒಬ್ಬರಾದರೂ "ಯಾರಮ್ಮ ಈ ದಾನಿ, ಎಷ್ಟು ಜನ?" ಎಂದು ಕೇಳಿದರೇ? ಇಲ್ಲ. ನಮ್ಮ ಕಸುಬಿನಲ್ಲಿ ಬಟ್ಟೆಯ ಟೇಪು ಹಳತಾದರೆ ಹಿಗ್ಗುತ್ತದೆ, ಆಗ ಕತ್ತರಿಸಿದ್ದೆಲ್ಲ ತಪ್ಪುತ್ತದೆ. ಟೈಲರ್ ಆದವಳು ಆಗಾಗ ಅದನ್ನು ಮರದ ಕೋಲಿಗೆ ಹಿಡಿದು ನೋಡುತ್ತಾಳೆ. ಇವರ ಬಳಿ ಬೇರೆ ಕೋಲೇ ಇರಲಿಲ್ಲ.

ಈ ನಡುವೆ ನನ್ನ ಕೈ. ಬೆರಳುಗಳೆಲ್ಲ ಕಿರುಬೆರಳ ಕಡೆಗೆ ವಾಲಿದ್ದವು. ಒಬ್ಬ ಕೈಯ ಸರ್ಜನ್, "ಈಗಲೇ ಆಪರೇಷನ್ ಮಾಡಿದ್ರೆ ಹಿಡಿತ ಬರುತ್ತೆ. ತಡ ಮಾಡಿದ್ರೆ ಮೂಳೆ ಸವೆದು ಹೋಗುತ್ತೆ, ಆಮೇಲೆ ನನ್ನ ಕೈಲೂ ಏನೂ ಆಗಲ್ಲ" ಎಂದ. ನಾನು ಹೊರಟೇಬಿಟ್ಟಿದ್ದೆ. ತಂಗಿ ತಡೆದಳು.

"ಸ್ವಲ್ಪ ಕಾಯಿ ಅಕ್ಕ. ಒಳಗಿನ ಜಗಳ ನಿಲ್ಲದೆ ಮೇಲೆ ರಿಪೇರಿ ಮಾಡಿದ್ರೆ ಅದನ್ನೂ ಕೆಡವಿ ಹಾಕ್ತವೆ. ಬಿಡಿಸೋರನ್ನ ಹೆಚ್ಚು ಮಾಡೋ ಚುಚ್ಚುಮದ್ದು ಇಲಿಗಳಲ್ಲಿ ಪರವಾಗಿಲ್ಲ ಅನ್ನೋ ಹಾಗಿದೆ. ಮನುಷ್ಯರಲ್ಲಿ ಶುರು ಮಾಡ್ತೀವಿ. ಆಮೇಲೆ ಆಪರೇಷನ್ ಮಾಡಿಸು, ಗಟ್ಟಿಯಾಗಿ ನಿಲ್ಲುತ್ತೆ."

"ಮೊದಲ ಗುಂಪಿನಲ್ಲಿ ನನ್ನನ್ನು ಹಾಕ್ತೀಯ ತಾನೇ?"

"ನೀನು ನನ್ನ ಅಕ್ಕ ಅಂತ ಕಮಿಟಿಯವರು ಬಿಡಲ್ಲ. ಎರಡನೇ ಗುಂಪು."

"ಈ ಪಾಪಿ ಜನ್ಮಕ್ಕೆ ಅಕ್ಕ ಆಗಿ ಏನು ಲಾಭ ಸಿಕ್ತು ಹೇಳು" ಎಂದು ರೇಗಿಸಿದೆ. ಆದರೆ ಕಾದೆ. ಬೇಡುತ್ತಿದ್ದದ್ದು ದೊಡ್ಡದೇನಲ್ಲ. ಹೆಬ್ಬೆರಳು ಕತ್ತರಿಯ ಉಂಗುರದೊಳಗೆ ಹೋಗಬೇಕು, ಒಂದು ಗಜ ಬಟ್ಟೆಯನ್ನು ನೆಟ್ಟಗೆ ಕತ್ತರಿಸಬೇಕು. ಮುಂದಿನ ಕೋಣೆಯ ಹೊಲಿಗೆ ಯಂತ್ರಕ್ಕೆ ಪ್ರತಿ ತಿಂಗಳು ಎಣ್ಣೆ ಬಿಡಿಸುತ್ತಿದ್ದೆ. ವರ್ಷಗಟ್ಟಲೆ ಬಿಡಿಸಿದೆ.

ಅಷ್ಟರವರೆಗೆ ನನ್ನ ಔಷಧಿ ಎಂದರೆ ಪ್ರತಿ ಸೋಮವಾರ ರಾತ್ರಿಯೂಟದ ನಂತರ ನುಂಗುವ ಹಳದಿ ಮಾತ್ರೆ. ರೋಗ ನಿಲ್ಲಿಸದಿದ್ದರೂ ಅದರ ಕಾಲು ಹಿಡಿದು ಎಳೆಯುತ್ತದೆ. ಮಾತ್ರೆಯನ್ನು ಅದರ ಹಾಳೆಯಿಂದ ಹೊರಗೆ ಒತ್ತಿ ತೆಗೆಯಲು ನನ್ನ ಬೆರಳಿಗೆ ಬಲವಿಲ್ಲ. ಮುಚ್ಚಳ ತಿರುಗಿಸುವುದೂ ಆಗುವುದಿಲ್ಲ. ತಂಗಿ ಎಲ್ಲಿದ್ದರೂ ಸೋಮವಾರ ಊಟದ ಹೊತ್ತಿಗೆ ಮನೆಗೆ ಬಂದು, ಮಾತ್ರೆ ಒತ್ತಿ ನನ್ನ ಅಂಗೈಗೆ ಹಾಕುತ್ತಿದ್ದಳು. ಸಭೆ ಸಮಾರಂಭಗಳನ್ನೆಲ್ಲ ಆ ದಿನ ಬಿಟ್ಟು ಒಪ್ಪಿಕೊಳ್ಳುತ್ತಿದ್ದಳು.

ಅವಳ ಕೊನೆಯ ವಿದ್ಯಾರ್ಥಿನಿಗೆ ನಾನಿಟ್ಟ ಹೆಸರು ಪುಕ್ಕಲಿ. ಬೇರೆಯವರ ರಕ್ತವನ್ನು ಬಕೆಟ್‌ಗಟ್ಟಲೆ ನೋಡಿದರೂ ಕಣ್ಣು ಮಿಟುಕಿಸದ ಹುಡುಗಿ, ತನ್ನ ತೋಳಿಗೆ ಸೂಜಿ ತಂದರೆ ಗೋಡೆಗೊರಗಿ ಮೆಲ್ಲಗೆ ಜಾರಿ ನೆಲ ಸೇರುತ್ತಿದ್ದಳು. ನನ್ನನ್ನು ದೊಡ್ಡಮ್ಮ ಎನ್ನುತ್ತಿದ್ದಳು, ನಮ್ಮ ಮನೆಯಲ್ಲೇ ಅರ್ಧ ಊಟ ಮಾಡುತ್ತಿದ್ದಳು. ಅವಳು ತನ್ನ ಥೀಸಿಸ್ ಬರೆಯುವ ಹೊತ್ತಿಗೆ ವಿಶ್ವವಿದ್ಯಾಲಯದಲ್ಲಿ ಹೊಸ ನಿಯಮ ಬಂತು. ಲ್ಯಾಬಿನವರು ತಮ್ಮ ರಕ್ತವನ್ನೇ ಪರೀಕ್ಷೆಗೆ ಬಳಸಬಾರದು, ರಕ್ತನಿಧಿಯಿಂದ ತರಬೇಕು ಎಂದು. ತಂಗಿ ಮೂಗು ಮುರಿದಳು, ಆದರೆ ಒಪ್ಪಿದಳು.

ಒಂದು ಸಂಜೆ ಪುಕ್ಕಲಿ ನಮ್ಮ ಊಟದ ಮೇಜಿನ ಮುಂದೆ ತಟ್ಟೆ ಮುಟ್ಟದೆ ಕೂತಿದ್ದಳು.

"ಯಾಕೇ, ಊಟ ಸೇರ್ತಿಲ್ವಾ?" ಎಂದೆ.

"ಮೇಡಂ, ರಕ್ತನಿಧಿಯವರ ರಕ್ತ ಸರಿಯಿಲ್ಲ ಅನ್ಸುತ್ತೆ" ಎಂದಳು ತಂಗಿಯ ಕಡೆ ನೋಡದೆ. "ಬಿಡಿಸೋರು ಕಾಣ್ತಾನೇ ಇಲ್ಲ."

"ಹಳೇ ರಕ್ತ ಕೊಟ್ಟಿರ್ತಾರೆ. ಅವತ್ತಿಂದೇ ಕೇಳು."

"ಅವತ್ತಿಂದೇ ತಂದೆ ಮೇಡಂ. ಬಣ್ಣ ಹೊಸದು ತರಿಸ್ದೆ. ಯಂತ್ರ ತೊಳ್ದೆ. ಎರಡು ಸಲ ತೊಳ್ದೆ."

"ಎಷ್ಟು ಜನರದು ಹಾಕ್ದೆ?"

"ನಲವತ್ತು."

ತಂಗಿಯ ಕೈ ತಟ್ಟೆಯಲ್ಲೇ ನಿಂತಿತು. "ನಲವತ್ತು ಜನದಲ್ಲಿ ಒಬ್ರಿಗೂ ಇಲ್ವಾ?"

"ಸಂಧಿವಾತದವರಲ್ಲಿ ಎಷ್ಟಿದೆಯೋ ಅಷ್ಟೇ ಇದೆ. ಫ್ರೀಜರಲ್ಲಿದ್ದ ನಿಮ್ಮ ಹಳೇ ಟ್ಯೂಬನ್ನೂ ಪಕ್ಕದಲ್ಲಿ ಹಾಕ್ದೆ ಮೇಡಂ. ನಿಮ್ಮದರಲ್ಲಿ ಮಾತ್ರ ಚೌಕ ತುಂಬಿತ್ತು." ಆ ಹುಡುಗಿ ಅಳುತ್ತಿದ್ದಳು. "ನಾನೇ ಎಲ್ಲೋ ತಪ್ಪು ಮಾಡಿರ್ತೀನಿ."

ನಾನು ಸುಮ್ಮನಿರದೆ, "ಹೌದು ಕಣೆ, ನೀನೇ ಏನೋ ಎಡವಟ್ಟು ಮಾಡಿರ್ತೀಯ, ಊಟ ಮಾಡು" ಎಂದೆ. ತಂಗಿ ಎದ್ದು ಕೈ ತೊಳೆದು, ಅಂಗಿಯ ತೋಳು ಮೇಲಕ್ಕೆ ಸರಿಸಿ ತನ್ನ ತೋಳನ್ನೇ ನೋಡುತ್ತಾ ನಿಂತಳು. ಆಮೇಲೆ ಮೆಲ್ಲಗೆ, "ನಾಳೆ ಬೆಳಿಗ್ಗೆ ನನ್ನದು ಹೊಸದಾಗಿ ತೆಗಿ. ಆ ಕಣಗಳೆಲ್ಲ ಬೇರೆ ಬೇರೆ ಮನೆತನದವಾ, ಒಂದೇ ತಾಯಿಯ ಮಕ್ಕಳಾ, ಅದನ್ನು ನೋಡು" ಎಂದಳು. ಅದರ ಅರ್ಥ ನನಗೆ ಆಗ ತಿಳಿಯಲಿಲ್ಲ. ಅವರಿಬ್ಬರಿಗೂ ತಿಳಿದಿತ್ತು.

ಮುಂದಿನ ವಾರ ಅವಳು ಮಧ್ಯಾಹ್ನವೇ ಮನೆಗೆ ಬಂದಳು. ಹಾಗೆ ಬಂದವಳೇ ಅಲ್ಲ. ನಾನು ಹಾಲು ಕಾಯಲಿಟ್ಟಿದ್ದೆ.

"ಅಕ್ಕ, ಕೂತ್ಕೋ."

"ಹಾಲು ಉಕ್ಕುತ್ತೆ."

ಅವಳೇ ಒಲೆ ಆರಿಸಿದಳು. "ಬಿಡಿಸೋರು ಇಲ್ಲ ಅಕ್ಕ."

"ಎಲ್ಲಿ ಹೋದ್ರು?"

"ಎಲ್ಲೂ ಹೋಗಿಲ್ಲ. ಇರಲೇ ಇಲ್ಲ. ನಿನ್ನಲ್ಲೂ ಇಲ್ಲ, ಚೆನ್ನಾಗಿರೋರಲ್ಲೂ ಇಲ್ಲ. ತಟ್ಟೆಯಲ್ಲಿ ಜಗಳ ತಣ್ಣಗಾಯ್ತು ಅಂತಿದ್ನಲ್ಲ, ತಣ್ಣಗಾಗಿರಲಿಲ್ಲ. ಸತ್ತು ಬಿದ್ದಿದ್ದವು. ಇವು ಬಿಡಿಸ್ತಿರಲಿಲ್ಲ, ಹೊಡೆದು ಹಾಕ್ತಿದ್ದವು. ಇಷ್ಟು ವರ್ಷ ನಾನು ಬರೆದದ್ದೆಲ್ಲ ಸುಳ್ಳು."

ನನ್ನ ಬಾಯಿಂದ ಬಂದ ಮೊದಲ ಮಾತು, "ಹಾಗಾದ್ರೆ ನನ್ನ ಕೈ?"

ನನ್ನ ಸಿಟ್ಟು ನೆತ್ತಿಗೇರಿತು. "ಕಾಯಿ ಕಾಯಿ ಅಂದ್ಯಲ್ಲೇ! ಆ ಸರ್ಜನ್ ಕೈ ಮುಗಿದು ಹೇಳಿದ್ನಲ್ಲೇ! ಮೂಳೆ ಎಲ್ಲಾ ಸವೆದು ಹೋಯ್ತು, ಈಗ ಬಂದು ಇರಲೇ ಇಲ್ಲ ಅಂತೀಯಾ? ಪರದೆ ಮೇಲೆ ನಾನೇ ಕಣ್ಣಾರೆ ನೋಡಿದ್ನಲ್ಲ, ನಿನ್ನಲ್ಲಿ ಕಿಕ್ಕಿರಿದು ತುಂಬಿದ್ದವು! ನಿನ್ನಲ್ಲಿ ಮಾತ್ರ ಯಾಕಿದ್ದವು ಹೇಳು?"

"ಅದು ಕಾಯಿಲೆ ಅಕ್ಕ. ರಕ್ತದ ಕ್ಯಾನ್ಸರ್. ನಿಧಾನದ್ದು. ಒಂದೇ ಕಣ ಮರಿ ಹಾಕ್ತಾ ಹಾಕ್ತಾ ಹೋಗಿದೆ. ಮೊದಲನೇ ದಿನ ಯಂತ್ರಕ್ಕೆ ರಕ್ತ ಹಾಕಿದಾಗಲೇ ಇತ್ತು. ನಾನು ಅದರ ಸುತ್ತ ಚೌಕ ಎಳೆದು ಆರೋಗ್ಯ ಅಂತ ಬರೆದೆ."

ಇನ್ನೂ ಬೈಯಲು ಬಾಯಿ ತೆರೆದೇ ಇತ್ತು. ಅವಳನ್ನು ಎಳೆದು ತಬ್ಬಿಕೊಂಡೆ. ನನ್ನ ಸೊಟ್ಟ ಬೆರಳುಗಳಿಗೆ ಅವಳ ಬೆನ್ನನ್ನು ಸರಿಯಾಗಿ ಹಿಡಿಯಲೂ ಆಗಲಿಲ್ಲ. ಇಬ್ಬರೂ ಅತ್ತೆವು.

ಮುಂದಿನದೆಲ್ಲ ಅವಳೇ ಮಾಡಿದ್ದು, ಯಾರೂ ಹೇಳಿ ಮಾಡಿಸಿದ್ದಲ್ಲ. ಆಸ್ಪತ್ರೆಗೆ ಹೋಗಿ ಚುಚ್ಚುಮದ್ದಿನ ಪ್ರಯೋಗ ನಿಲ್ಲಿಸಿದಳು. ಮೊದಲ ಗುಂಪಿನ ರೋಗಿಗಳನ್ನು ಕೂರಿಸಿಕೊಂಡು ತಾನೇ ಹೇಳಿದಳು. ಒಬ್ಬಾಕೆ, "ನಮಗೆ ಆಸೆ ಯಾಕೆ ಹುಟ್ಟಿಸಿದ್ರಿ?" ಎಂದು ಕೇಳಿದಳಂತೆ. ಅದನ್ನು ಹೇಳಿದ ರಾತ್ರಿ ತಂಗಿ ಊಟ ಮಾಡಲಿಲ್ಲ. ಪತ್ರಿಕೆಗಳಿಗೆ ಬರೆದು ತನ್ನ ಲೇಖನಗಳನ್ನು ಒಂದೊಂದಾಗಿ ಹಿಂದಕ್ಕೆ ತೆಗೆದುಕೊಂಡಳು. ದೊಡ್ಡ ಗದ್ದಲವಾಗುತ್ತದೆ, ಪೇಪರಿನವರು ಬರುತ್ತಾರೆ, ನಾನು ಬಾಗಿಲಲ್ಲೇ ನಿಂತು ಅವರಿಗೆ ಬುದ್ಧಿ ಹೇಳುತ್ತೇನೆ ಎಂದು ಸಜ್ಜಾಗಿದ್ದೆ. ಒಂದು ನರಪಿಳ್ಳೆಯೂ ಬರಲಿಲ್ಲ. ವಿಶ್ವವಿದ್ಯಾಲಯದವರು ಬೇಸರವಾಯಿತು ಎಂದರು, ಮುಂದಿನ ಟರ್ಮಿನಲ್ಲಿ ಆ ರೂಮು ಬೇರೆಯವರಿಗೆ ಬೇಕು ಎಂದೂ ಅಂದರು. ಅವಳು ಹಿಂದಕ್ಕೆ ತೆಗೆದುಕೊಂಡ ಲೇಖನಗಳನ್ನು ನಂಬಿ ಬೇರೆ ಲ್ಯಾಬಿನವರು ಬರೆಯುತ್ತಲೇ ಇದ್ದರು. ಆ ಕಣಗಳನ್ನು ತಾವೂ ಕಂಡೆವು ಎಂದು ಕೆಲವರು ಬರೆದಿದ್ದರಂತೆ! ಅದನ್ನು ಓದಿ ಅವಳು ನಕ್ಕದ್ದು ನನಗೆ ಸೇರಲಿಲ್ಲ.

ಪುಕ್ಕಲಿಯ ಥೀಸಿಸ್ ಮಣ್ಣು ಪಾಲಾಯಿತು. ಇಲ್ಲ ಎಂದು ತೋರಿಸಿದವರಿಗೆ ಪದವಿ ಕೊಡುವುದಿಲ್ಲವಂತೆ. ಅವಳು ಈಗ ಒಂದು ರಕ್ತಪರೀಕ್ಷೆಯ ಅಂಗಡಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಜನರ ತೋಳಿಗೆ ಸೂಜಿ ಚುಚ್ಚುತ್ತಾಳೆ. ಲ್ಯಾಬ್ ಖಾಲಿ ಮಾಡುವ ದಿನ ನಾವು ಮೂವರೂ ಹೋಗಿದ್ದೆವು. ಫ್ರೀಜರಿನ ಬಾಗಿಲು ತೆರೆದಾಗ ಡಬ್ಬಗಳ ತುಂಬ ಬೆರಳುದ್ದದ ಟ್ಯೂಬುಗಳು, ಎಲ್ಲದರ ಮೇಲೂ ಅವಳದೇ ಕೈಬರಹ: ಆರೋಗ್ಯವಂತ ದಾನಿ. ಕಸ ವಿಲೇವಾರಿಯವನು ಕೆಂಪು ಚೀಲ ಹಿಡಿದು ನಿಂತಿದ್ದ. ತಂಗಿ ತಾನೇ ಡಬ್ಬಗಳನ್ನೆತ್ತಿ ಚೀಲಕ್ಕೆ ಸುರಿದಳು. ಪುಕ್ಕಲಿ ಒಂದು ಟ್ಯೂಬನ್ನಾದರೂ ಇಟ್ಟುಕೊಳ್ಳುತ್ತೇನೆ ಎಂದು ಗೋಗರೆದಳು. "ಬೇಡಮ್ಮ, ಯಾರಾದ್ರೂ ಮತ್ತೆ ಅಳತೆಗೆ ಹಾಕಿಬಿಡ್ತಾರೆ" ಎಂದು ಅದನ್ನೂ ಕಸಿದು ಹಾಕಿದಳು.

ರಕ್ತದ ಡಾಕ್ಟರು ಒಳ್ಳೆಯ ಮನುಷ್ಯ. ಔಷಧಿ ಚೀಟಿ ನೋಡಿ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅದೇ ಹಳದಿ ಮಾತ್ರೆ. ವಾರಕ್ಕೊಮ್ಮೆ. ಸಂಧಿವಾತಕ್ಕೂ ಅದೇ, ಈ ಕಾಯಿಲೆಗೂ ಅದೇ. "ಅರ್ಧಕ್ಕರ್ಧ ಜನರಿಗೆ ಚೆನ್ನಾಗಿ ಹಿಡಿಯುತ್ತೆ" ಎಂದರು. ಹೀಗಾಗಿ ಸೋಮವಾರ ಊಟವಾದ ಮೇಲೆ ಅವಳು ಎರಡು ಪಾಲು ಒತ್ತಿ ತೆಗೆಯುತ್ತಿದ್ದಳು. "ಇದು ನೀನು. ಇದು ನಾನು" ಎಂದು ನನ್ನ ಅಂಗೈಗೊಂದು, ತನ್ನ ಅಂಗೈಗೊಂದು. "ಇಷ್ಟು ಓದಿ ಕೊನೆಗೆ ನನ್ನ ಮಾತ್ರೆಗೇ ಕೈಯಿಟ್ಯಲ್ಲೇ" ಎಂದು ನಾನು ರೇಗಿಸುತ್ತಿದ್ದೆ. ನಗುತ್ತಿದ್ದಳು. ಅವಳಿಗೆ ಹಿಡಿಯುತ್ತದೆ ಎಂದೇ ನಂಬಿದ್ದೆ. ಅರ್ಧದಲ್ಲಿ ಇವಳೂ ಒಬ್ಬಳಾಗಬಾರದೇ? ಇಷ್ಟು ಅನ್ಯಾಯದ ಮೇಲೆ ಅಷ್ಟಾದರೂ ಆಗಬಾರದೇ?

ಆಗಲಿಲ್ಲ. ಅವಳ ರಕ್ತದಲ್ಲಿ ರೋಗದ ಜೊತೆ ಹೊಡೆದಾಡುವ ಒಳ್ಳೆಯ ಕಣಗಳನ್ನೆಲ್ಲ ಆ ಗುಂಪು ತುಳಿದು ಹಾಕುತ್ತಿತ್ತು. ಬಾಯೆಲ್ಲ ಹುಣ್ಣು. ಬಿಟ್ಟು ಬಿಟ್ಟು ಜ್ವರ. ಬೇರೆ ಔಷಧಿ ಕೊಟ್ಟರು, ಅದೂ ಒಗ್ಗಲಿಲ್ಲ. ಕೆಳಗಿನ ಮನೆಯ ಮಗುವಿನ ಕೆಮ್ಮು ಬಾಗಿಲ ಸಂದಿಯಿಂದ ಬಂದೀತು ಎಂದು ಹೆದರಿ ನಾನು ಸಂದಿಗೆಲ್ಲ ಬಟ್ಟೆ ತುರುಕಿದೆ. ಅವಳು ಬೈದಳು. ಜೀವಮಾನವೆಲ್ಲ ಇದನ್ನೇ ಓದಿದವಳು, ಬಟ್ಟೆಯಿಂದ ಏನೂ ಆಗುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ನಾನು ತೆಗೆಯಲಿಲ್ಲ.

ಒಂದು ಸೋಮವಾರ ಅವಳು ಒಂದೇ ಮಾತ್ರೆ ಒತ್ತಿ ನನ್ನ ಕೈಗೆ ಹಾಕಿದಳು.

"ನಿಂದು?"

"ಡಾಕ್ಟ್ರು ನಿಲ್ಲಿಸು ಅಂದ್ರು."

"ಯಾಕೆ, ಹೊಸದು ಕೊಡ್ತಾರಂತಾ?"

ಅವಳು ಎದ್ದು ಕಪಾಟಿನಿಂದ ನನ್ನ ಮಾತ್ರೆಯ ಹಾಳೆಗಳನ್ನೆಲ್ಲ ತಂದಳು. ಅಂಗಡಿಯಿಂದ ಅವತ್ತೇ ಇನ್ನೊಂದು ಕಟ್ಟು ತರಿಸಿದ್ದಳು, ಅದನ್ನೂ ತಂದಳು. 

ಗುಂಡಿಗಳನ್ನು ಹಾಕಿಡುತ್ತಿದ್ದ ನನ್ನ ಅಗಲ ಬಾಯಿಯ ಬಾಟಲಿಯನ್ನು ತೊಳೆದು ಒರೆಸಿ ಮೇಜಿನ ಮೇಲಿಟ್ಟುಕೊಂಡು ಕೂತಳು. ಒಂದೊಂದೇ ಮಾತ್ರೆ ಒತ್ತಿ ಬಾಟಲಿಗೆ ಹಾಕತೊಡಗಿದಳು. ಜ್ವರವಿತ್ತು.

"ಎಲ್ಲಾ ಯಾಕೆ ಈಗಲೇ ತೆಗೀತಿದ್ಯ? ವಾರ ವಾರ ತೆಗೆದ್ರಾಯ್ತಪ್ಪ."

"ಇರಲಿ ಬಿಡು."

"ಪುಟ್ಟಿ, ನಿಲ್ಲಿಸು. ನಿಲ್ಲಿಸು ಅಂದೆ!"

ನಿಲ್ಲಿಸಲಿಲ್ಲ. ನಾನು ಕಿರುಚಿದೆ, ಬಾಟಲಿ ಕಿತ್ತುಕೊಳ್ಳಲು ಹೋದೆ, ನನ್ನ ಕೈಗೆ ಅದು ಸಿಗಲಿಲ್ಲ. ಅವಳು ಸುಮ್ಮನೆ ಬಾಟಲಿಯನ್ನು ಆಚೆ ಸರಿಸಿ ಮತ್ತೆ ಒತ್ತತೊಡಗಿದಳು. ಕೊನೆಗೆ ನಾನೂ ಎದುರು ಕುರ್ಚಿಯಲ್ಲಿ ಕೂತು ನೋಡುತ್ತಾ ಇದ್ದುಬಿಟ್ಟೆ. ಹಾಳೆಗಳೆಲ್ಲ ಮುಗಿದ ಮೇಲೆ ಮುಚ್ಚಳವನ್ನು ಬಾಟಲಿಯ ಮೇಲಿಟ್ಟಳು, ತಿರುಗಿಸಲಿಲ್ಲ.

"ಯಾರಾದ್ರೂ ಬಂದಾಗ ಇದನ್ನ ಬಿಗಿಮಾಡೋಕೆ ಬಿಡ್ಬೇಡ ಅಕ್ಕ" ಎಂದಳು. "ಸುಮ್ನೆ ಹೀಗೇ ಮೇಲಿಟ್ಟಿರು."

ಹಾಗೆಯೇ ಇಟ್ಟಿದ್ದೇನೆ. ಸೋಮವಾರಕ್ಕೊಂದರಂತೆ ಬಾಟಲಿ ಈಗ ಅರ್ಧಕ್ಕೆ ಇಳಿದಿದೆ.